ಟೆನಿಸ್ ಮ್ಯಾಚ್ ನಡುವೆ ನನ್ನನ್ನೇ ಬೈದುಕೊಳ್ಳುವುದನ್ನು ನಿಲ್ಲಿಸುವುದು ಹೇಗೆ?

ಪ್ರಾಕ್ಟೀಸ್‌ನಲ್ಲಿ ಚೆನ್ನಾಗಿ ಆಡುತ್ತೀರಿ, ಮ್ಯಾಚ್‌ನಲ್ಲಿ ಒಂದು ಡಬಲ್ ಫಾಲ್ಟ್ (ಎರಡು ಸರ್ವ್ ಅವಕಾಶವೂ ತಪ್ಪಿ ಪಾಯಿಂಟ್ ಹೋಗುವುದು) ಆದರೆ ಸಾಕು, ಬೈಗುಳ ಶುರುವಾಗಿ ಇಡೀ ಸೆಟ್ ಕೈಬಿಟ್ಟು ಹೋಗುತ್ತದೆ ಎಂದು ಬರೆದಿದ್ದೀರಿ. ಓದಿದಾಗ ನನ್ನದೇ ಕತೆ ಅನ್ನಿಸಿತು. ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ಅಡಿಕೆ ತೋಟದ ಕೆಲಸ ಮುಗಿಸಿ ವಾರಕ್ಕೆ ಮೂರು ಸಂಜೆ ಆಡುತ್ತೇನೆ. ಕೋಚ್ ಏನಲ್ಲ, ಬೈದುಕೊಳ್ಳುವುದರಲ್ಲಿ ಮಾತ್ರ ಹತ್ತು ವರ್ಷದ ಅನುಭವ ಇದೆ.

ಕೆಲವು ವರ್ಷದ ಹಿಂದೆ ಮಂಗಳೂರಿನಲ್ಲಿ ಒಂದು ಸಣ್ಣ ಟೂರ್ನಿ. 5-2 ಮುಂದಿದ್ದೆ. ನನ್ನ ಸರ್ವ್, 30-30. ಡಬಲ್ ಫಾಲ್ಟ್ ಆಯಿತು. 'ನಿಕ್ಕ್ ಮಂಡೆ ಇಜ್ಜಾ?' ಎಂದು ತುಳುವಿನಲ್ಲಿ ಜೋರಾಗಿಯೇ ಬೈದುಕೊಂಡೆ. ನಿನಗೆ ತಲೆ ಇಲ್ವಾ ಅಂತ. ಎದುರಾಳಿಗೂ ತುಳು ಬರುತ್ತಿತ್ತು ನೋಡಿ! ಮುಂದಿನ ಸೆಕೆಂಡ್ ಸರ್ವ್‌ಗೆ ಅವನು ಎರಡು ಹೆಜ್ಜೆ ಮುಂದೆ ಬಂದು ನಿಂತ. ಆ ಸೆಟ್ 5-7.

ನಮ್ಮೂರಲ್ಲಿ ತಾಳಮದ್ದಳೆ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ ಮಾತು ಸಿಕ್ಕರೆ ಬಿಡುವುದಿಲ್ಲ, ಎಳೆಯುತ್ತಾನೆ. ತಲೆಯೊಳಗಿನ ಅರ್ಥಧಾರಿಯೂ ಹಾಗೆಯೇ. ಒಂದು ತಪ್ಪಿನಿಂದ ಶುರು ಮಾಡಿ ಹೋದ ತಿಂಗಳ ಸೋಲು, ರಾಕೆಟ್‌ಗೆ ಸುರಿದ ದುಡ್ಡು, ಎಲ್ಲವನ್ನೂ ತರುತ್ತಾನೆ. ಅವನ ಜೊತೆ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ಹಾಡುವ ಭಾಗವತರು ಏನು ಮಾಡುತ್ತಾರೆ? ಮಾತು ಜಾಸ್ತಿಯಾದರೆ ಮುಂದಿನ ಪದ, ಅಂದರೆ ಹಾಡು, ಎತ್ತಿಬಿಡುತ್ತಾರೆ. ನಿಮಗೂ ಅಂಥ ಒಂದು ಪದ ಬೇಕು.

ನನಗೆ ಅದು ಸಿಕ್ಕಿದ್ದು ಡಬಲ್ಸ್‌ನಲ್ಲಿ. ಜೊತೆಗಾರ ಕಾಞಂಗಾಡಿನವನು, ನಮ್ಮ ಮಾತೆಲ್ಲ ಮಲಯಾಳದಲ್ಲಿ. ಅವನು ಡಬಲ್ ಫಾಲ್ಟ್ ಮಾಡಿದರೆ ನಾನು 'ಸಾರಮಿಲ್ಲ' ಅನ್ನುತ್ತೇನೆ. ಪರವಾಗಿಲ್ಲ ಅಂತ. (ಕನ್ನಡ ಕಿವಿಗೆ ಸಾರು ಖಾಲಿಯಾದ ಹಾಗೆ ಕೇಳಿಸುತ್ತದೆ, ಇರಲಿ.) ಒಂದು ದಿನ ಅವನೇ ಕೇಳಿದ, ನನಗೆ ಹೀಗೆ ಹೇಳುವವನು ನಿನಗೆ ನೀನು ಯಾಕೆ ಹಾಗೆ ಹೇಳಿಕೊಳ್ಳುತ್ತೀಯ ಎಂದು. ಉತ್ತರ ಇರಲಿಲ್ಲ. ಆಮೇಲೆ ನನ್ನ ತಪ್ಪಿಗೂ 'ಸಾರಮಿಲ್ಲ' ಎನ್ನಲು ಶುರು ಮಾಡಿದೆ. ತುಳುವಿನಲ್ಲಿ, ಕನ್ನಡದಲ್ಲಿ ನನಗೆ ಬೈಗುಳ ತಾನಾಗಿ ಬರುತ್ತದೆ. ಚಿಕ್ಕಂದಿನಿಂದ ಬೈಸಿಕೊಂಡ ಭಾಷೆಗಳು ಅವು. ಮಲಯಾಳದಲ್ಲಿ ನನ್ನನ್ನು ಯಾರೂ ಹಾಗೆ ಬೈದಿಲ್ಲ, ಹಾಗಾಗಿ ಆ ಮಾತು ಹಗುರವಾಗಿದೆ. ನಿಮ್ಮ ಮನೆಯಲ್ಲೂ ಎರಡು ಮೂರು ಭಾಷೆ ಇದ್ದರೆ ಯಾವುದರಲ್ಲಿ ಬೈದುಕೊಳ್ಳುತ್ತೀರಿ ಎಂದು ಗಮನಿಸಿ, ಇನ್ನೊಂದರಿಂದ ಪದ ಆರಿಸಿ.

ಆ ಪದ ಕಳೆದ ಪಾಯಿಂಟ್‌ಗೆ. ಮುಂದಿನ ಪಾಯಿಂಟ್‌ಗೆ ಬೇರೆ ಮಾತು ಬೇಕು, ಅದು ಕೈಗೆ ಕೆಲಸ ಹೇಳಬೇಕು. 'ಡಬಲ್ ಫಾಲ್ಟ್ ಮಾಡಬೇಡ' ಎಂದರೆ ತಲೆಯಲ್ಲಿ ಉಳಿಯುವುದು ಡಬಲ್ ಫಾಲ್ಟೇ. ಹೆದರಿದಾಗ ಹಿಡಿತ ಬಿಗಿಯಾಗುತ್ತದೆ, ಸರ್ವ್‌ಗೆ ಚೆಂಡು ಮೇಲೆಸೆಯುವ ಟಾಸ್ ತಗ್ಗುತ್ತದೆ, ರಾಕೆಟ್ ನಿಧಾನವಾಗುತ್ತದೆ. ನಿಧಾನ ಬೀಸಿದರೆ ಸೇಫ್ ಅನ್ನಿಸುತ್ತದೆ, ಆದರೆ ಚೆಂಡನ್ನು ಕೆಳಗಿಳಿಸುವ ಸ್ಪಿನ್ ಸಿಗುವುದಿಲ್ಲ. ಸ್ಪಿನ್ ಇಲ್ಲದೆ ಎತ್ತರಕ್ಕೆ ಹೊಡೆದರೆ ಚೆಂಡು ಸರ್ವ್ ಬೀಳಬೇಕಾದ ಬಾಕ್ಸ್ ದಾಟುತ್ತದೆ, ತಗ್ಗಿಸಿದರೆ ನೆಟ್‌ಗೆ. ಅದಕ್ಕೆ ನಾನು ಹೇಳಿಕೊಳ್ಳುವುದು ಎರಡೇ ಮಾತು: 'ಎತ್ತರ ಎಸೆ, ಜೋರಾಗಿ ಉಜ್ಜು.'

ಸಮಯ ಇದೆಯಾ ಅಂದರೆ ಇದೆ. ನಿಯಮದ ಪ್ರಕಾರ ಎರಡು ಪಾಯಿಂಟ್ ನಡುವೆ 25 ಸೆಕೆಂಡ್, ಬದಿ ಬದಲಿಸುವಾಗ 90 ಸೆಕೆಂಡ್. ನಾನು ನೆಟ್‌ಗೆ ಬೆನ್ನು ಹಾಕಿ ಹಿಂದಿನ ಬೇಲಿಯವರೆಗೆ ನಡೆಯುತ್ತೇನೆ. ಕಣ್ಣು ರಾಕೆಟ್ ತಂತಿಯ ಮೇಲೆ. ಉಸಿರು ಉದ್ದಕ್ಕೆ ಬಿಡುವಾಗ 'ಸಾರಮಿಲ್ಲ'. ತಿರುಗಿ ಬರುವಾಗ ಎಲ್ಲಿಗೆ ಸರ್ವ್ ಎಂದು ಗಟ್ಟಿ ಮಾಡಿಕೊಳ್ಳುತ್ತೇನೆ. ನಾಲ್ಕು ಸಲ ಚೆಂಡು ಕುಟ್ಟಿ ಆ ಎರಡು ಮಾತು. ಅಷ್ಟೇ.

ಎಲ್ಲ ತಪ್ಪನ್ನೂ ಮನಸ್ಸಿನ ಮೇಲೆ ಹಾಕಬೇಡಿ. ಏಪ್ರಿಲ್‌ನಲ್ಲಿ ನಮ್ಮ ಕಡೆ ಬೆವರಿಗೆ ರಾಕೆಟ್ ಕೈಯಲ್ಲೇ ತಿರುಗುತ್ತದೆ. ಹೊಸ ಗ್ರಿಪ್ ಸುತ್ತಿದ ವಾರ ನನ್ನ 'ಮಾನಸಿಕ ಸಮಸ್ಯೆ' ಅರ್ಧ ಕಡಿಮೆಯಾಗಿತ್ತು! ಹಳೆಯ ಚಾಂಪಿಯನ್ ಇವಾನ್ ಲೆಂಡ್ಲ್ ಸುಮ್ನೆ ಜೇಬಿನಲ್ಲಿ ಕೈ ಒಣಗಿಸುವ ಮರದ ಪುಡಿ ಇಟ್ಟುಕೊಳ್ಳುತ್ತಿರಲಿಲ್ಲ.

ಸೋತ ಪಾಯಿಂಟ್ ಕಾಡಿದಾಗ ನಾನು ಟೆನಿಸ್ ದಿಗ್ಗಜ ರೋಜರ್ ಫೆಡರರ್ ಲೆಕ್ಕ ನೆನೆಸಿಕೊಳ್ಳುತ್ತೇನೆ. 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪದವೀಧರರ ಮುಂದೆ ಅವರೇ ಹೇಳಿದ್ದು: 1526 ಸಿಂಗಲ್ಸ್ ಪಂದ್ಯಗಳಲ್ಲಿ ಹತ್ತಿರ ಹತ್ತಿರ 80 ಶೇಕಡಾ ಗೆದ್ದರು, ಆದರೆ ಗೆದ್ದ ಪಾಯಿಂಟ್‌ಗಳು 54 ಶೇಕಡಾ ಮಾತ್ರ. ಅವರಿಗೇ ನೂರಕ್ಕೆ 46 ಹೋಗಿದೆ, ನನ್ನದು ಯಾವ ಲೆಕ್ಕ ಅಲ್ವಾ?

ಒಂದು ವಾರ ಕೋರ್ಟ್‌ನಲ್ಲಿ ಬಾಯಿಂದ ಬಂದದ್ದೆಲ್ಲ ಆಟ ಮುಗಿದ ತಕ್ಷಣ ಬರೆದಿಡಿ. ನಾನು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿದ್ದೆ. ಪುಟ ತುಂಬಾ ಬೈಗುಳ, ಎರಡೇ ಮೆಚ್ಚುಗೆ. ಎರಡೂ ಎದುರಾಳಿಗೆ. ಆಮೇಲೆ ಪ್ರಾಕ್ಟೀಸ್ ಗೇಮ್‌ಗಳನ್ನು 0-30ರಿಂದ (ಎರಡು ಪಾಯಿಂಟ್ ಹಿಂದಿನಿಂದ), ಸೆಕೆಂಡ್ ಸರ್ವ್ ಮಾತ್ರ ಇಟ್ಟುಕೊಂಡು ಆಡಿ. ತಪ್ಪು ಬೇಕಾದಷ್ಟು ಆಗುತ್ತದೆ, ಪ್ರತಿ ತಪ್ಪಿಗೂ ಬೇಲಿವರೆಗೆ ನಡೆದು ಬನ್ನಿ. ನನಗೆ 'ಸಾರಮಿಲ್ಲ' ಬಾಯಿಗೆ ಕೂರಲು ಸುಮಾರು ಎರಡು ತಿಂಗಳು ಹಿಡಿಯಿತು. ಈಗಲೂ ತುಳು ಬರುತ್ತದೆ, ಆದರೆ ಒಂದು ಪಾಯಿಂಟ್‌ಗೆ ನಿಲ್ಲುತ್ತದೆ.