ಓದುಗರ ಪ್ರಶ್ನೆ: ವೆಂಡರ್ ಪಟ್ಟಿಗೆ ಯಾರನ್ನು ಸೇರಿಸೋದು?

ಪ್ರಶ್ನೆ: ನಾವು ನಾಲ್ಕೈದು ಜಿಲ್ಲೆಗಳ ಕಾಲೇಜು ಲೈಬ್ರರಿಯನ್‌ಗಳು ಒಂದು ಬಳಗ ಮಾಡಿಕೊಂಡಿದ್ದೇವೆ. ಎಲ್ಲರೂ ಕೋಹಾ ಬಳಸುವವರು. ಹೊಸಬರು ದಿನಾ ಕೇಳುವುದು ಒಂದೇ, ‘ಸರ್, ಇನ್‌ಸ್ಟಾಲ್ ಮಾಡಿಕೊಡೋರ ನಂಬರ್ ಇದ್ರೆ ಕೊಡಿ’. ಸರಿ, ಸರ್ವಿಸ್ ಕೊಡುವ ವೆಂಡರ್‌ಗಳ ಪಟ್ಟಿಯನ್ನೇ ಮಾಡಿಬಿಡೋಣ ಅಂತ ಹೊರಟೆವು. ಜಗಳ ಶುರುವಾಯಿತು. ಕೇಳಿದವರನ್ನೆಲ್ಲ ಹಾಕಿ ಅಂತ ಅರ್ಧ ಜನ, ಕೋಹಾಗೆ ಕೋಡ್ ಬರೆದುಕೊಟ್ಟವರನ್ನು ಮಾತ್ರ ಹಾಕಿ ಅಂತ ಇನ್ನರ್ಧ. ಯಾವುದು ಸರಿ?
– ಲೈಬ್ರರಿಯನ್ ಒಬ್ಬರು, ದಾವಣಗೆರೆ

ಉತ್ತರ: ಎರಡೂ ಬೇಡ.

ಕೋಹಾ ಗೊತ್ತಿಲ್ಲದ ಓದುಗರಿಗೆ ಮೊದಲು ಎರಡು ಮಾತು. ಇದು ಲೈಬ್ರರಿ ನಡೆಸುವ ಸಾಫ್ಟ್‌ವೇರ್. ನ್ಯೂಜಿಲೆಂಡ್‌ನ ಲೆವಿನ್ ಅನ್ನುವ ಊರಿನ ಹೊರೊವೆನುವಾ ಲೈಬ್ರರಿ ಟ್ರಸ್ಟ್‌ನವರ ಹಳೇ ಸಾಫ್ಟ್‌ವೇರ್ 2000ನೇ ಇಸವಿ ಬಂದರೆ ಕೈಕೊಡುತ್ತಿತ್ತು. 1999ರಲ್ಲಿ ಕಟಿಪೊ ಅನ್ನುವ ಕಂಪನಿಯಿಂದ ಹೊಸದನ್ನು ಬರೆಸಿದರು, 2000ದ ಜನವರಿ 3ಕ್ಕೆ ಕೆಲಸ ಶುರು ಮಾಡಿದರು, ಆಮೇಲೆ ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ನಮ್ಮ ಕಡೆ ಮದುವೆ ಮನೆಯ ಮುಯ್ಯಿ ಇದ್ದ ಹಾಗೆ, ಇಸಕೊಂಡವರು ಮುಂದೊಂದು ದಿನ ತಿರುಗಿ ಕೊಡ್ತಾರೆ ಅನ್ನುವ ನಿರೀಕ್ಷೆ ಅದರೊಳಗೇ ಇರುತ್ತದೆ.

ಜಿಪಿಎಲ್ ಅಂದಮೇಲೆ ಯಾರು ಬೇಕಾದರೂ ಇಳಿಸಿಕೊಂಡು, ಕಾಲೇಜಿಗೆ ಹಾಕಿಕೊಟ್ಟು, ದುಡ್ಡು ತಗೋಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ಅದರಲ್ಲಿ ತಪ್ಪೂ ಇಲ್ಲ, ಕೆಲಸ ಮಾಡಿದ್ದಕ್ಕೆ ಕೂಲಿ. ವೆಂಡರ್‌ಗಳನ್ನು ತಡೆಯುವ ಅಧಿಕಾರ ನಿಮಗಿಲ್ಲ. ನಿಮ್ಮ ಕೈಯಲ್ಲಿರೋದು ನಿಮ್ಮ ಬಳಗದ ಹೆಸರು, ನಿಮ್ಮ ಪುಟ, ಅಷ್ಟೇ. ಆ ಪುಟದಲ್ಲಿ ಹೆಸರು ಬರಬೇಕಾದರೆ ಏನು ಮಾಡಿರಬೇಕು ಅಂತ ಹೇಳುವ ಹಕ್ಕು ಮಾತ್ರ ಪೂರ್ತಿ ನಿಮ್ಮದು.

ಕೇಳಿದವರನ್ನೆಲ್ಲ ಹಾಕಿದರೆ ಅದು ಟೆಲಿಫೋನ್ ಡೈರೆಕ್ಟರಿ. ಕೋಡ್ ಬರೆದವರನ್ನು ಮಾತ್ರ ಹಾಕಿದರೆ ಪಟ್ಟಿ ಚೊಕ್ಕಟ, ಆದರೆ ನಿಮ್ಮ ಕೆಲಸಕ್ಕೆ ಬರೋದಿಲ್ಲ. ನಿಮ್ಮ ಕಾಲೇಜಿಗೆ ಬೇಕಾಗಿರೋದು ಏನು ಹೇಳಿ? ಹಳೇ ಎಕ್ಸೆಲ್ ಶೀಟನ್ನು ಮಾರ್ಕ್ ಅನ್ನುವ ಲೈಬ್ರರಿ ಕ್ಯಾಟಲಾಗ್ ನಮೂನೆಯ ರೆಕಾರ್ಡ್ ಮಾಡಿಕೊಡೋರು, ಬಾರ್‌ಕೋಡ್ ಪ್ರಿಂಟ್ ಆಗದಿದ್ದಾಗ ಬರೋರು, ಅಡ್ಮಿಷನ್ ಸಮಯದಲ್ಲಿ ಫೋನ್ ಎತ್ತೋರು. ಅವರು ಕೋಹಾ ಬರೆದ ಪ್ರೋಗ್ರಾಮಿಂಗ್ ಭಾಷೆ ಪರ್ಲ್‌ನಲ್ಲಿ ಒಂದು ಸಾಲೂ ಬರೆದಿರಲಿಕ್ಕಿಲ್ಲ.

ಕೊಡುಗೆಯನ್ನು ಲೆಕ್ಕ ಹಾಕಿ ಪಟ್ಟಿ ಮಾಡಿದವರೂ ಇದ್ದಾರೆ. ವೆಬ್‌ಸೈಟ್ ಕಟ್ಟುವ ಮುಕ್ತ ಸಾಫ್ಟ್‌ವೇರ್ ದ್ರುಪಲ್‌ನವರು 2015ರಿಂದ ಯಾವ ಕಂಪನಿಯವರು ಎಷ್ಟು ಕೆಲಸ ಮಾಡಿಕೊಟ್ಟರು ಅನ್ನೋದಕ್ಕೆ ಕ್ರೆಡಿಟ್ ಕೊಡುತ್ತಿದ್ದಾರೆ. ವೆಂಡರ್ ಪಟ್ಟಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಅನ್ನೋದೂ ಅದರ ಮೇಲೆ ನಿಂತಿದೆ. ಒಳ್ಳೇ ಉಪಾಯವೇ. ಆದರೆ ಮಾರ್ಕ್ಸ್ ಬರುವ ಪಾಠ ಮಾತ್ರ ಓದುವ ಹುಡುಗರ ಹಾಗೆ, ಒಂದು ಕಾಮಾ ತಿದ್ದಿ ಕ್ರೆಡಿಟ್ ಎಣಿಸುವವರೂ ಹುಟ್ಟಿಕೊಂಡರು. ಕೊನೆಗೆ ಕ್ರೆಡಿಟ್ ದುರುಪಯೋಗದ ಬಗ್ಗೆಯೇ ಬೇರೆ ನಿಯಮ ಬರೆಯಬೇಕಾಯಿತು. ಇದನ್ನೆಲ್ಲ ಕಾಯೋಕೆ ಅವರ ಹತ್ತಿರ ಜನ ಇದ್ದಾರೆ. ನಿಮ್ಮ ಹತ್ತಿರ ಇರೋದು ಭಾನುವಾರ ಮಧ್ಯಾಹ್ನ, ಅಲ್ವಾ?

ಆದ್ದರಿಂದ ನನ್ನ ಸಲಹೆ ಇಷ್ಟು: ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಪರೀಕ್ಷೆ ಮಾಡಬಹುದಾದದ್ದನ್ನು ಮಾತ್ರ ನಿಯಮ ಮಾಡಿ. ‘ಅನುಭವಿ’, ‘ಗುಣಮಟ್ಟದ ಸೇವೆ’, ‘ಸಮುದಾಯದ ಬಗ್ಗೆ ಕಾಳಜಿ ಇರುವವರು’ ಇಂಥದ್ದನ್ನೆಲ್ಲ ಬರೆದರೆ ನೀವೇ ನ್ಯಾಯಾಧೀಶರಾಗಿ ಕೂರಬೇಕಾಗುತ್ತದೆ, ಬೇಕಾ ಅದು? ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನವರ ಕನ್ಸಲ್ಟೆಂಟ್ ಪಟ್ಟಿ ನೋಡಿ. ಮೇಲ್ ಮಾಡಿದರೆ ನಾಲ್ಕು ವಾರದೊಳಗೆ ಉತ್ತರ ಕೊಡಬೇಕು, ನಿಮ್ಮ ವೆಬ್‌ಸೈಟಲ್ಲಿ ಡೆಬಿಯನ್ ಕೆಲಸ ಮಾಡ್ತೀವಿ ಅಂತ ಇರಬೇಕು, ಇಂಥವೇ. ಒಣ ಒಣ ನಿಯಮಗಳು. ಜಗಳಕ್ಕೆ ಜಾಗ ಕಡಿಮೆ.

ನೀವೂ ಅಲ್ಲಿಂದಲೇ ಶುರು ಮಾಡಿ. ಮೇಲ್‌ಗೆ ಉತ್ತರ ಬರಬೇಕು. ಅವರ ಪುಟದಲ್ಲಿ ಕೋಹಾ ಸಮುದಾಯದ ವೆಬ್‌ಸೈಟಿಗೆ ಲಿಂಕ್ ಇರಬೇಕು, ಸಾಫ್ಟ್‌ವೇರ್ ಪುಕ್ಕಟೆ, ನಾವು ತಗೊಳ್ಳೋದು ಕೆಲಸದ ದುಡ್ಡು ಅಂತ ಬರೆದಿರಬೇಕು. ಸುಮ್ನೆ ಹೇಳ್ತಿಲ್ಲ, ಕೊಟೇಶನ್‌ನಲ್ಲಿ ‘ಕೋಹಾ ಲೈಸೆನ್ಸ್ ಶುಲ್ಕ’ ಅಂತಲೇ ಬರೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಈಗ ಅವರ ಸರ್ವಿಸ್ ತಗೊಳ್ಳುತ್ತಿರುವ ಎರಡು ಸಂಸ್ಥೆಗಳ ಹೆಸರು ಬೇಕು, ಅಲ್ಲಿಯವರು ಫೋನಲ್ಲಿ ಹೌದು ಅನ್ನಬೇಕು. ಕೋಹಾದ ಕೋಡ್ ಬದಲಾಯಿಸಿದ್ದರೆ ಆ ಕೋಡನ್ನು ಗಿರಾಕಿಗೆ ಕೊಡ್ತೀವಿ ಅಂತ ಬರೆದುಕೊಡಬೇಕು. ಈ ಕೊನೆಯದು ಯಾಕೆ ಅಂದರೆ, ವೆಂಡರ್ ತನ್ನದೇ ಸರ್ವರ್‌ನಲ್ಲಿ ಕೋಹಾ ನಡೆಸಿ ನಿಮಗೆ ಬ್ರೌಸರ್‌ನಲ್ಲಿ ಮಾತ್ರ ತೋರಿಸಿದರೆ, ಬದಲಾಯಿಸಿದ ಕೋಡ್ ಕೊಡಲೇಬೇಕು ಅಂತ ಜಿಪಿಎಲ್ ಹೇಳೋದಿಲ್ಲ. ಲೈಸೆನ್ಸ್ ಕೇಳದ್ದನ್ನು ನಿಮ್ಮ ಪಟ್ಟಿ ಕೇಳಬಹುದು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಡೇಟಾ. ಮೂರು ವರ್ಷದ ಹಿಂದೆ ಒಂದು ಕಾಲೇಜಿಂದ ಫೋನ್ ಬಂತು. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರೋಕೆ ಹನ್ನೆರಡು ದಿನ ಇತ್ತು. ಲೈಬ್ರರಿ ಆಟೊಮೇಷನ್ ಆಗಿದೆಯಾ ಅಂತ ಅವರು ಕೇಳೇ ಕೇಳ್ತಾರೆ. ಪ್ರಿನ್ಸಿಪಾಲರು ಬದಲಾದ ಗಲಾಟೆಯಲ್ಲಿ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದದ ನವೀಕರಣ ತಪ್ಪಿಹೋಗಿತ್ತು. ವೆಂಡರ್ ಸರ್ವರ್ ಬಂದ್ ಮಾಡಿದ್ದ. ಡೇಟಾ ಕೇಳಿದರೆ ಒಂದು ಎಕ್ಸೆಲ್ ಫೈಲ್ ಕಳಿಸಿದ. ಪುಸ್ತಕದ ಹೆಸರು, ಲೇಖಕರ ಹೆಸರು, ಮುಗೀತು. ಬಾರ್‌ಕೋಡ್ ಇಲ್ಲ, ಅಕ್ಸೆಷನ್ ನಂಬರ್ ಇಲ್ಲ, ಯಾವ ಹುಡುಗನ ಹತ್ತಿರ ಯಾವ ಪುಸ್ತಕ ಇದೆ ಅನ್ನೋದೂ ಇಲ್ಲ. ಕೌಂಟರ್‌ನಲ್ಲಿ ಅಟೆಂಡರ್ ಹಳೇ ಲೆಡ್ಜರ್ ಬಿಡಿಸಿಕೊಂಡು ಪೆನ್ನಲ್ಲಿ ಇಶ್ಯೂ ಬರೆಯುತ್ತಿದ್ದರು, ಪಕ್ಕದಲ್ಲಿ ಬಾರ್‌ಕೋಡ್ ಸ್ಕ್ಯಾನರ್ ಸುಮ್ಮನೆ ಕೂತಿತ್ತು. ಕೋಹಾ ಸರಿಯಾಗಿ ಇನ್‌ಸ್ಟಾಲ್ ಆಗಿದ್ದರೆ ಪ್ರತಿ ದಿನ ಎರಡು ಬ್ಯಾಕಪ್ ಫೈಲ್ ತಾನೇ ಮಾಡಿಡುತ್ತದೆ, ಒಂದು ಡೇಟಾದ್ದು, ಇನ್ನೊಂದು ಸೆಟ್ಟಿಂಗ್ಸ್‌ದು. ಆ ಎರಡು ಫೈಲ್ ಇದ್ದರೆ ಕೆಲಸ ಗೊತ್ತಿರುವ ಬೇರೆ ಯಾರಾದರೂ ಒಂದು ದಿನದಲ್ಲಿ ಲೈಬ್ರರಿಯನ್ನು ಎಬ್ಬಿಸಿ ಕೂರಿಸುತ್ತಾರೆ. ಆ ಎರಡು ಫೈಲಿಗೆ ಕಾಲೇಜು ಒಂದು ವರ್ಷದ ಎಎಂಸಿ ಕಟ್ಟಬೇಕಾಯಿತು.

ಹಾಗಾಗಿ ಪಟ್ಟಿಗೆ ಬರುವ ವೆಂಡರ್ ಹೀಗೆ ಬರೆದುಕೊಡಲಿ: ಗಿರಾಕಿ ಕೇಳಿದ ಏಳು ದಿನದೊಳಗೆ, ಬಾಕಿ ಏನೇ ಇರಲಿ, ಈ ಎರಡು ಫೈಲ್ ಕೊಡ್ತೇನೆ. ಬಾಕಿ ವಸೂಲಿಗೆ ಬೇರೆ ದಾರಿ ಇದೆ. ಈ ಒಂದು ನಿಯಮಕ್ಕೆ ಒಪ್ಪದವರನ್ನು ನಾನಾಗಿದ್ದರೆ ಬೇರೇನೂ ಕೇಳದೆ ಬಿಟ್ಟುಬಿಡುತ್ತೇನೆ, ಅವರು ಎಷ್ಟೇ ಕೋಡ್ ಬರೆದಿರಲಿ.

ಇನ್ನು ತೆಗೆಯುವ ಮಾತು. ಸೇರಿಸುವಾಗ ಎಲ್ಲರೂ ನಗುತ್ತಾ ಇರ್ತಾರೆ, ತೆಗೆಯುವಾಗ ಮದುವೆ ಮನೆಯಲ್ಲಿ ಮುಖ ತಿರುಗಿಸುವ ಪರಿಸ್ಥಿತಿ. ಅದಕ್ಕೇ ಹೆಸರಿಗೆ ಒಂದು ವರ್ಷದ ಅವಧಿ ಇಡಿ. ಪ್ರತಿ ಜೂನ್‌ನಲ್ಲಿ ಅವರೇ ಮತ್ತೆ ಫಾರ್ಮ್ ತುಂಬಲಿ, ತುಂಬದಿದ್ದರೆ ಹೆಸರು ತಾನಾಗಿ ಹೋಗುತ್ತದೆ, ಯಾರೂ ಯಾರನ್ನೂ ತೆಗೆದ ಹಾಗಾಗೋದಿಲ್ಲ. ಮಧ್ಯದಲ್ಲಿ ದೂರು ಬಂದರೆ ‘ಸರ್ವಿಸ್ ಚೆನ್ನಾಗಿಲ್ಲ’ ಅನ್ನುವುದಕ್ಕೆ ಕೈಹಾಕಬೇಡಿ. ಬರೆದುಕೊಟ್ಟ ಮಾತು ತಪ್ಪಿದರಾ ಅನ್ನೋದನ್ನಷ್ಟೇ ನೋಡಿ. ಬಳಗದಲ್ಲಿ ವೆಂಡರ್‌ಗಳೂ ಇದ್ದರೆ ಅವರು ಬೇರೆ ವೆಂಡರ್ ವಿಷಯ ಬಂದಾಗ ಎದ್ದು ಹೊರಗೆ ಹೋಗಬೇಕು. ಹೆಸರುಗಳನ್ನು ಅಕ್ಷರಮಾಲೆ ಪ್ರಕಾರ ಹಾಕಬೇಡಿ, ನಾಳೆಯೇ ಯಾರಾದರೂ ‘ಅಆ ಇನ್ಫೋಟೆಕ್’ ಶುರು ಮಾಡ್ತಾರೆ. ಜಿಲ್ಲೆವಾರು ಹಾಕಿ.

ಪ್ರಶ್ನೆ: ನಾನು, ನನ್ನ ತಮ್ಮ ಇಬ್ಬರೇ ಸೇರಿ ಕೋಹಾ ಸರ್ವಿಸ್ ಮಾಡ್ತೀವಿ. ಪ್ರೋಗ್ರಾಮಿಂಗ್ ಬರಲ್ಲ. ಸಮುದಾಯಕ್ಕೆ ಕೊಡುಗೆ ಕೊಡಿ ಅಂದರೆ ನಮ್ಮಂಥವರು ಎಲ್ಲಿಗೆ ಹೋಗೋದು?
– ಓದುಗರು, ಹಾವೇರಿ

ಉತ್ತರ: ಎಲ್ಲಿಗೂ ಹೋಗಬೇಡಿ, ನಿಮ್ಮಂಥವರೇ ಬೇಕಾಗಿರೋದು. ಕೋಹಾದಲ್ಲಿ ಒಬ್ಬರು ಬರೆದ ಕೋಡ್ ಹಾಗೇ ಒಳಗೆ ಹೋಗೋದಿಲ್ಲ. ಇನ್ನೊಬ್ಬರು ಅದನ್ನು ಹಾಕಿ ನೋಡಿ, ಕೆಲಸ ಮಾಡುತ್ತೆ ಅಂತ ಸಹಿ ಹಾಕಬೇಕು, ಆಮೇಲೆ ಗುಣಮಟ್ಟ ನೋಡುವ ಕ್ಯೂಎ ತಂಡ ನೋಡುತ್ತದೆ. ಈ ಮೊದಲ ಸಹಿಗೆ ಪರ್ಲ್ ಬೇಕಿಲ್ಲ. ಸ್ಯಾಂಡ್‌ಬಾಕ್ಸ್ ಅಂತ ಇದೆ, ಬ್ರೌಸರ್‌ನಲ್ಲೇ ಪರೀಕ್ಷೆ ಮಾಡಬಹುದು. ಕೌಂಟರ್‌ನಲ್ಲಿ ಪುಸ್ತಕ ಇಶ್ಯೂ ಆಗೋದು ಹೇಗೆ ಅಂತ ನೋಡಿದವರು ಹಿಡಿಯುವ ತಪ್ಪನ್ನು ಪ್ರೋಗ್ರಾಮರ್ ಹಿಡಿಯೋದಿಲ್ಲ. ಬಗ್ ರಿಪೋರ್ಟ್ ಬರೆಯಿರಿ, ಕನ್ನಡ ಅನುವಾದಕ್ಕೆ ಕೈಹಾಕಿ. ದಾವಣಗೆರೆಯವರಿಗೂ ಇದನ್ನೇ ಹೇಳ್ತೇನೆ: ಕೊಡುಗೆಯನ್ನು ಬಾಗಿಲು ಮಾಡಬೇಡಿ, ಪಟ್ಟಿಯಲ್ಲಿ ಅದಕ್ಕೆ ಬೇರೆ ಕಾಲಂ ಇಡಿ. ಯಾರು ಏನು ಮಾಡಿದರು ಅಂತ ಲಿಂಕ್ ಸಮೇತ ಇರಲಿ. ಖಾಲಿ ಕಾಲಂ ನೋಡಿದ ಗಿರಾಕಿ ತಾನೇ ಯೋಚನೆ ಮಾಡಿಕೊಳ್ಳುತ್ತಾನೆ.

ಪ್ರಶ್ನೆ: ಪಟ್ಟಿಯ ವೆಬ್‌ಸೈಟ್ ಖರ್ಚನ್ನು ಒಬ್ಬ ವೆಂಡರ್ ತಾನೇ ನೋಡಿಕೊಳ್ತೀನಿ ಅಂತಿದ್ದಾರೆ. ಒಪ್ಪಬಹುದಾ?
– ಓದುಗರು, ಮೈಸೂರು

ಉತ್ತರ: ಚಂದಾ ತಗೊಳ್ಳಿ, ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಅವರ ಹೆಸರಲ್ಲಿ ಬೇಡ. ಕೋಹಾದವರೇ ಇದರಲ್ಲಿ ಸುಟ್ಟುಕೊಂಡಿದ್ದಾರೆ. ಕಟಿಪೊ ಕಂಪನಿಯ ಕೋಹಾ ವ್ಯವಹಾರ 2007ರಲ್ಲಿ ಅಮೆರಿಕದ ಲಿಬ್‌ಲೈಮ್ ಕೈಗೆ ಹೋಯಿತು. ಕೋಹಾ ಡಾಟ್ ಆರ್ಗ್ ಕೂಡ ಅವರ ಹತ್ತಿರವೇ ಇತ್ತು. ಭಿನ್ನಾಭಿಪ್ರಾಯ ಬಂದಾಗ ಸಮುದಾಯದವರು ಆ ವಿಳಾಸ ಬಿಟ್ಟು ಹೊಸ ವೆಬ್‌ಸೈಟ್ ಕಟ್ಟಿಕೊಳ್ಳಬೇಕಾಯಿತು. 2010ರಲ್ಲಿ ಲಿಬ್‌ಲೈಮನ್ನು ಪಿಟಿಎಫ್ಎಸ್ ಅನ್ನುವ ಇನ್ನೊಂದು ಕಂಪನಿ ಕೊಂಡುಕೊಂಡಿತು. ಮರುವರ್ಷ ನ್ಯೂಜಿಲೆಂಡ್‌ನಲ್ಲೇ ‘ಕೋಹಾ’ ಅನ್ನುವ ಟ್ರೇಡ್‌ಮಾರ್ಕ್ ಆ ಕಂಪನಿಗೆ ಸಿಗುವ ಹಂತಕ್ಕೆ ಬಂತು. ಹುಟ್ಟಿಸಿದ ಲೈಬ್ರರಿಯವರೇ ಚಂದಾ ಎತ್ತಿ ತಕರಾರು ಹೂಡಬೇಕಾಯಿತು, ಕ್ಯಾಟಲಿಸ್ಟ್ ಅನ್ನುವ ಕಂಪನಿಯೂ ವಿರೋಧಿಸಿತು. ಕೊನೆಗೆ ನೋಂದಣಿ ಸಿಗಲಿಲ್ಲ, ಸರಿ, ಆದರೆ ಅದಕ್ಕೆ ಹೋದ ವರ್ಷಗಳು? ಡೊಮೇನ್ ಬಳಗದ ಹೆಸರಲ್ಲೇ ಇರಲಿ, ಪಾಸ್‌ವರ್ಡ್ ಇಬ್ಬರು ಲೈಬ್ರರಿಯನ್‌ಗಳ ಹತ್ತಿರ ಇರಲಿ.

ಪ್ರಶ್ನೆ: ಇಂಥ ಪಟ್ಟಿಯಲ್ಲಿ ಹೆಸರಿದ್ದರೆ ಕಣ್ಣುಮುಚ್ಚಿ ವರ್ಕ್ ಆರ್ಡರ್ ಕೊಡಬಹುದಾ?
– ಓದುಗರು, ಕಲಬುರಗಿ

ಉತ್ತರ: ಬೇಡ. ಹೆಸರಿದೆ ಅಂದರೆ ಅವರು ಇದ್ದಾರೆ, ಮೇಲ್‌ಗೆ ಉತ್ತರ ಕೊಡ್ತಾರೆ, ಕೆಲವು ಮಾತು ಬರೆದುಕೊಟ್ಟಿದ್ದಾರೆ, ಅಷ್ಟೇ. ಆರ್ಡರ್ ಕೊಡುವ ಮುಂಚೆ ಯಾವ ವರ್ಷನ್ ಹಾಕ್ತೀರಿ ಅಂತ ಕೇಳಿ. ಕೋಹಾ ವರ್ಷಕ್ಕೆರಡು ಸಲ ಬರುತ್ತದೆ, ಮೇ ಮತ್ತು ನವೆಂಬರ್‌ನಲ್ಲಿ. ನಂಬರಿನಲ್ಲೇ ವರ್ಷ, ತಿಂಗಳು ಇರುತ್ತದೆ, 24.11 ಅಂದರೆ 2024ರ ನವೆಂಬರ್. ಐದಾರು ವರ್ಷ ಹಳೇದನ್ನು ಹಾಕೋಕೆ ಹೊರಟರೆ ಯಾಕೆ ಅಂತ ಕೇಳಿ. ಆಮೇಲೆ ಕೊನೇ ಕಂತು ಕೊಡುವ ಮುಂಚೆ ಒಂದು ಹಳೇ ಕಂಪ್ಯೂಟರ್ ಮುಂದಿಟ್ಟು, ಪೆನ್‌ಡ್ರೈವ್‌ನಲ್ಲಿರುವ ಆ ಎರಡು ಫೈಲಿಂದ ನಿಮ್ಮ ಲೈಬ್ರರಿಯನ್ನು ನಿಮ್ಮ ಕಣ್ಣೆದುರೇ ಮತ್ತೆ ಎಬ್ಬಿಸಿ ತೋರಿಸಿ ಅನ್ನಿ. ತೋರಿಸಿದ ಮೇಲೆ ಚೆಕ್ ಬರೆಯಿರಿ.