ಒಂದು ತಿಂಗಳು ಬಾದಾಮಿ ತಿಂದರೂ ಅಪ್ಪನ ಕೊಲೆಸ್ಟ್ರಾಲ್ ಇಳಿಯಲಿಲ್ಲ, ಹಾಗಾದರೆ ಸಂಶೋಧನೆ ಹೇಳುವುದು ಸುಳ್ಳಾ?

ಸುಳ್ಳಲ್ಲ. ಆದರೆ ಸಂಶೋಧಕರು ಮಾಡಿದ ಪ್ರಯೋಗ ಬೇರೆ, ನಿಮ್ಮ ಮನೆಯಲ್ಲಿ ನಡೆದದ್ದು ಬೇರೆ.

ನೀವು ಬರೆದದ್ದು ಇಷ್ಟು. ಅಪ್ಪನಿಗೆ 56 ವರ್ಷ, ಸೋಮವಾರಪೇಟೆ ಹತ್ತಿರ ಕಾಫಿ ತೋಟ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 162 ಬಂದಿತ್ತು. ಮೂರು ತಿಂಗಳು ಊಟ ಸರಿ ಮಾಡಿಕೊಳ್ಳಿ, ಆಮೇಲೆ ಮಾತ್ರೆ ಬೇಕಾ ನೋಡೋಣ ಎಂದು ಡಾಕ್ಟರ್ ಹೇಳಿದ್ದಾರೆ. ಅವತ್ತಿನಿಂದ ದಿನಾ ಬೆಳಿಗ್ಗೆ ನೆನೆಸಿದ ಐದು ಬಾದಾಮಿ. ತಿಂಗಳಾದ ಮೇಲೆ ನೋಡಿದರೆ 166. ಬಾದಾಮಿಯಲ್ಲಿ ಎಣ್ಣೆ ಇದೆ, ಅದಕ್ಕೇ ಏರಿತು ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ.

ನಾನು ಕೊಡಗಿನ ಗೋಣಿಕೊಪ್ಪಲಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ಡಾಕ್ಟರ್ ಅಲ್ಲ. ಹದಿನೇಳು ವರ್ಷದಿಂದ ರಕ್ತ ತೆಗೆದು ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ, ಮಾಡುತ್ತಿದ್ದೇನೆ. ಆರು ವರ್ಷದ ಹಿಂದೆ ನಮ್ಮ ಅವ್ವನಿಗೆ ಹಾರ್ಟ್ ಅಟ್ಯಾಕ್ ಆಯಿತು. ಅಲ್ಲಿಂದ ಈ ವಿಷಯದ ಸಂಶೋಧನೆಗಳನ್ನು ಹುಡುಕಿ ಓದುತ್ತಾ ಬಂದಿದ್ದೇನೆ. ಅವ್ವನ ತಟ್ಟೆಗೆ ಏನು ಹಾಕಬೇಕು ಅಂತ ನನಗೆ ಗೊತ್ತಾಗಬೇಕಿತ್ತು.

ಮೊದಲು ನಿಮ್ಮ ಎರಡು ರಿಪೋರ್ಟ್ ನೋಡೋಣ. 162 ಮತ್ತು 166, ನನ್ನ ಕಣ್ಣಿಗೆ ಇವೆರಡೂ ಒಂದೇ. ಒಬ್ಬರೇ ಮನುಷ್ಯನ ಎಲ್‌ಡಿಎಲ್ ಒಂದು ವಾರದಿಂದ ಇನ್ನೊಂದು ವಾರಕ್ಕೆ ಏಳೆಂಟು ಪರ್ಸೆಂಟ್ ಆಚೀಚೆ ಆಗುವುದು ಮಾಮೂಲಿ. ನಾನು ನನ್ನ ರಕ್ತವನ್ನೇ ಒಂದು ಸೋಮವಾರ ನೋಡಿದಾಗ 118 ಇತ್ತು, ಅದೇ ಶುಕ್ರವಾರ 127. ನಡುವೆ ಊಟದಲ್ಲಿ ಏನೂ ಬದಲಾಗಿರಲಿಲ್ಲ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ತುಂಬಾ ಲ್ಯಾಬ್‌ಗಳಲ್ಲಿ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕಳೆಯಬೇಕು, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಬೇಕು. ಹಾಗಾಗಿ ಆ ಮೂರರಲ್ಲಿ ಯಾವುದು ಅಲುಗಿದರೂ ಎಲ್‌ಡಿಎಲ್ ಅಲುಗುತ್ತದೆ. ಪುತ್ತರಿ ಹಬ್ಬ ಮುಗಿದ ವಾರ ಬರುವ ಕೆಲವರ ಸೀರಮ್ (ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ) ಹಾಲಿನ ಹಾಗೆ ಬೆಳ್ಳಗಿರುತ್ತದೆ, ಅಷ್ಟು ಟ್ರೈಗ್ಲಿಸರೈಡ್. ಅಂಥ ರಕ್ತದಲ್ಲಿ ಈ ಲೆಕ್ಕವನ್ನು ನಂಬುವ ಹಾಗೇ ಇಲ್ಲ.

ಅಂದರೆ ನಾಲ್ಕು ಪಾಯಿಂಟ್ ಏರಿದ್ದಕ್ಕೆ ಬಾದಾಮಿಯನ್ನು ದೂರಬೇಡಿ. ನಾಲ್ಕು ಪಾಯಿಂಟ್ ಇಳಿದಿದ್ದರೆ ಅದನ್ನು ಹೊಗಳುವ ಹಾಗೂ ಇರಲಿಲ್ಲ.

ಈಗ ಐದು ಬಾದಾಮಿಯ ವಿಷಯ. ಒಂದು ಬಾದಾಮಿ ಸುಮಾರು 1.2 ಗ್ರಾಂ ತೂಗುತ್ತದೆ. ಐದಕ್ಕೆ ಆರು ಗ್ರಾಂ. 2010ರಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಹೋವಾನ್ ಸಬಾಟೆ ಮತ್ತು ಜೊತೆಯವರು ಏಳು ದೇಶಗಳಲ್ಲಿ ನಡೆದ 25 ಪ್ರಯೋಗಗಳ ಅಂಕಿಗಳನ್ನು ಒಟ್ಟು ಸೇರಿಸಿ ನೋಡಿದರು. ಒಟ್ಟು 583 ಜನ. ಅವರು ದಿನಕ್ಕೆ ಸರಾಸರಿ ತಿಂದದ್ದು 67 ಗ್ರಾಂ ನಟ್ಸ್! ಬಾದಾಮಿಯ ಲೆಕ್ಕದಲ್ಲಿ ಐವತ್ತಕ್ಕೂ ಜಾಸ್ತಿ. ಅಷ್ಟು ತಿಂದಾಗ ಎಲ್‌ಡಿಎಲ್ ಇಳಿದದ್ದು ಸರಾಸರಿ 7.4 ಪರ್ಸೆಂಟ್. ನಿಮ್ಮ ಅಪ್ಪನ 162ಕ್ಕೆ ಹಾಕಿ ನೋಡಿದರೆ ಸುಮಾರು 12 ಪಾಯಿಂಟ್. ಕಡಿಮೆ ತಿಂದಷ್ಟೂ ಇಳಿಯುವುದೂ ಕಡಿಮೆ ಎಂದು ಅದೇ ಲೆಕ್ಕದಲ್ಲಿ ಕಂಡಿತು. ಆರು ಗ್ರಾಂ ತಿಂದು ಆದ ಬದಲಾವಣೆಯನ್ನು ಒಬ್ಬರ ಒಂದು ರಿಪೋರ್ಟ್‌ನಲ್ಲಿ ಹುಡುಕುವುದು, ಜೋರು ಮಳೆಯಲ್ಲಿ ಪಕ್ಕದ ತೋಟದವರ ಮಾತು ಕೇಳಲು ಹೋದ ಹಾಗೆ.

ಇದಕ್ಕೇ ಸಂಶೋಧನೆಗೆ ಜನ ಬೇಕು, ಹೋಲಿಸಲು ಇನ್ನೊಂದು ಗುಂಪೂ ಬೇಕು. ಒಬ್ಬರ ಏರಿಳಿತ ಇನ್ನೊಬ್ಬರ ಏರಿಳಿತದ ಜೊತೆ ಕಳೆದುಹೋಗಿ, ಉಳಿಯುವ ಸಣ್ಣ ಬದಲಾವಣೆ ಆಗ ಕಣ್ಣಿಗೆ ಬೀಳುತ್ತದೆ.

ಈ ವಿಷಯಕ್ಕೆ ಜೋರು ಬಂದದ್ದು 1992ರಲ್ಲಿ. ಕ್ಯಾಲಿಫೋರ್ನಿಯಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದ 31,000ಕ್ಕೂ ಜಾಸ್ತಿ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಅದು. ವಾರಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ನಟ್ಸ್ ತಿನ್ನುವವರಲ್ಲಿ, ಅಪರೂಪಕ್ಕೆ ತಿನ್ನುವವರಿಗಿಂತ ಹಾರ್ಟ್ ಅಟ್ಯಾಕ್ ಹೆಚ್ಚುಕಮ್ಮಿ ಅರ್ಧದಷ್ಟಿತ್ತು. ಓದಿದಾಗ ನನಗೂ ರೋಮಾಂಚನ ಆಗಿತ್ತು. ಆದರೆ ನಟ್ಸ್ ತಿನ್ನುವವರು ಬೇರೆ ವಿಷಯದಲ್ಲೂ ಆರೋಗ್ಯ ನೋಡಿಕೊಳ್ಳುವವರು ಇರಬಹುದು, ಅಲ್ವಾ? ಸುಮ್ನೆ ಗಮನಿಸಿದರೆ ಆ ಅನುಮಾನ ಹೋಗುವುದಿಲ್ಲ.

ಹಾಗಾಗಿ ಮರು ವರ್ಷ, 1993ರಲ್ಲಿ ಪ್ರಕಟವಾದ ಪ್ರಯೋಗ ನನಗೆ ಜಾಸ್ತಿ ಇಷ್ಟ. ಆರೋಗ್ಯವಂತ ಗಂಡಸರು, ಬರೀ 18 ಜನ. ನಾಲ್ಕು ವಾರ ಒಂದು ಊಟ, ನಾಲ್ಕು ವಾರ ಇನ್ನೊಂದು ಊಟ. ಎರಡರಲ್ಲೂ ಕ್ಯಾಲೊರಿ ಅಷ್ಟೇ, ಒಟ್ಟು ಕೊಬ್ಬೂ ಅಷ್ಟೇ. ಒಂದರಲ್ಲಿ ಮಾತ್ರ ಬೇರೆ ಕೊಬ್ಬಿನ ಪದಾರ್ಥಗಳನ್ನು ತೆಗೆದು ಆ ಜಾಗಕ್ಕೆ ಅಕ್ರೋಟ್ ಹಾಕಿದ್ದರು. ಅಕ್ರೋಟ್ ಊಟದಲ್ಲಿ ಎಲ್‌ಡಿಎಲ್ ಸುಮಾರು 16 ಪರ್ಸೆಂಟ್ ಕಡಿಮೆ ಬಂತು. ಇಲ್ಲಿ ಪ್ರತಿಯೊಬ್ಬರನ್ನೂ ಅವರ ಜೊತೆಗೇ ಹೋಲಿಸಿದ್ದಾರೆ. ಹಾಗಾಗಿ ಜನ ಕಡಿಮೆ ಇದ್ದರೂ ನಡೆಯುತ್ತದೆ.

'ಆ ಜಾಗಕ್ಕೆ' ಎಂದೆನಲ್ಲ, ಗುಟ್ಟು ಅಲ್ಲೇ ಇದೆ. ನಟ್ಸ್‌ನಲ್ಲಿ ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ. ಎಣ್ಣೆ ಇರುವುದು ನಿಜ, ಪಕ್ಕದ ಮನೆಯವರು ಅಷ್ಟರ ಮಟ್ಟಿಗೆ ಸರಿ. ಆದರೆ ಅದರಲ್ಲಿ ಬಹುಪಾಲು ಅನ್‌ಸ್ಯಾಚುರೇಟೆಡ್ ಕೊಬ್ಬು. ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವುದು ಲಿವರ್‌ನ ಕೆಲಸ. ತುಪ್ಪ, ಡಾಲ್ಡಾ, ಹಂದಿಯ ನೆಣ, ಇಂಥವುಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಆ ಕೆಲಸವನ್ನು ನಿಧಾನ ಮಾಡುತ್ತದೆ. ಅದು ಕಡಿಮೆಯಾಗಿ ಇದು ಬಂದರೆ ಲಿವರ್ ಮತ್ತೆ ಚುರುಕಾಗುತ್ತದೆ. ಜೊತೆಗೆ ನಟ್ಸ್‌ನಲ್ಲಿರುವ ಸ್ಟೆರಾಲ್ ಎಂಬ ಅಂಶ ಕರುಳಿನಲ್ಲಿ ಕೊಲೆಸ್ಟ್ರಾಲ್‌ಗೆ ಪೈಪೋಟಿ ಕೊಟ್ಟು ಅದು ಮೈಗೆ ಸೇರುವುದನ್ನು ಸ್ವಲ್ಪ ತಡೆಯುತ್ತದೆ. ನಾರಿನದ್ದೂ ಒಂದು ಪಾಲಿದೆ. ಅದರಲ್ಲಿ ಒಂದಷ್ಟು ಬಾದಾಮಿಯ ಸಿಪ್ಪೆಯಲ್ಲೇ ಇರುವುದರಿಂದ ನೆನೆಸಿ ಸಿಪ್ಪೆ ಸುಲಿದು ಎಸೆಯಬೇಡಿ.

ಹಾಗಾದರೆ ನಿಮ್ಮ ಅಪ್ಪನ ದಿನದಲ್ಲಿ ಬಾದಾಮಿ ಯಾವುದರ ಜಾಗಕ್ಕೆ ಬಂತು? ನೀವು ಅದನ್ನು ಬರೆದಿಲ್ಲ. ಸಂಜೆಯ ಬೇಕರಿ ಪಫ್ಸ್ ಹಾಗೇ ಇದ್ದು, ಚಿಪ್ಸ್ ಹಾಗೇ ಇದ್ದು, ಅದರ ಮೇಲೆ ಐದು ಬಾದಾಮಿ ಸೇರಿದ್ದರೆ ಇಳಿಯುವುದಕ್ಕೆ ಕಾರಣವೇ ಇಲ್ಲ. ಕೈಲ್‌ಪೊಳ್ದ್ ಹಬ್ಬದ ದಿನ ಪಂದಿಕರಿ (ಹಂದಿ ಮಾಂಸದ ಸಾರು) ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ವಾರಕ್ಕೆ ಮೂರು ಸಲ ನೆಣದ ತುಂಡೇ ಆರಿಸಿ ತಿನ್ನುವುದಾದರೆ ಅದನ್ನು ಖಂಡಿತ ಹೇಳುತ್ತೇನೆ.

ಗೋಡಂಬಿ ಬಗ್ಗೆಯೂ ಕೇಳಿದ್ದೀರಿ. ನಮಗೆ ಸಂಪಾಜೆ ಘಾಟಿ ಇಳಿದರೆ ಸುಳ್ಯ, ಪುತ್ತೂರು ಕಡೆಯ ಗೇರುಬೀಜ ಸಿಗುತ್ತದೆ, ಹಾಗಾಗಿ ಸಹಜವಾದ ಪ್ರಶ್ನೆ. ಇದಕ್ಕೆ ಚೆನ್ನೈಯಲ್ಲೇ ಒಳ್ಳೆಯ ಪ್ರಯೋಗ ನಡೆದಿದೆ. 2018ರಲ್ಲಿ ಬಂದದ್ದು. ಡಯಾಬಿಟಿಸ್ ಇರುವ 300 ಜನರಲ್ಲಿ ಅರ್ಧ ಜನಕ್ಕೆ 12 ವಾರ ದಿನಕ್ಕೆ 30 ಗ್ರಾಂ ಉಪ್ಪಿಲ್ಲದ ಗೋಡಂಬಿ ಕೊಟ್ಟರು. ತೂಕ ಏರಲಿಲ್ಲ. ಬಿಪಿ ಸ್ವಲ್ಪ ಇಳಿಯಿತು, ಎಚ್‌ಡಿಎಲ್ ಸ್ವಲ್ಪ ಏರಿತು. ಎಲ್‌ಡಿಎಲ್ ಮಾತ್ರ ಇಳಿಯಲಿಲ್ಲ. ಗೋಡಂಬಿ ತಿಂದರೆ ಹಾರ್ಟ್ ಹಾಳು ಎನ್ನುವ ಮಾತಿಗೆ ಇದು ಉತ್ತರ. ಆದರೆ ಎಲ್‌ಡಿಎಲ್ ಇಳಿಸುವುದೇ ಗುರಿಯಾದರೆ ನಾನು ಬಾದಾಮಿ, ಅಕ್ರೋಟ್ ಆರಿಸುತ್ತೇನೆ. ಬಡವರ ಬಾದಾಮಿ ಕಡಲೆಬೀಜವೂ ಸಾಕಷ್ಟು ಒಳ್ಳೆಯದು. ಅದು ಬೇಳೆಕಾಳಿನ ಜಾತಿಯಾದರೂ ಅದರ ಕೊಬ್ಬು ನಟ್ಸ್‌ನ ಕೊಬ್ಬಿನ ಹಾಗೇ ಇರುತ್ತದೆ. ಡ್ರೈ ಫ್ರೂಟ್ಸ್ ಎಂದು ಒಂದೇ ಡಬ್ಬಿಗೆ ಹಾಕುವ ಖರ್ಜೂರ, ಒಣದ್ರಾಕ್ಷಿ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅವು ಸಿಹಿ ಹಣ್ಣುಗಳು.

ಕೊಲೆಸ್ಟ್ರಾಲ್ ಇಳಿದರೆ ಸಾಕಾ, ಹಾರ್ಟ್ ಅಟ್ಯಾಕ್ ನಿಜವಾಗಿ ಕಡಿಮೆಯಾಗುತ್ತದಾ? ಇದನ್ನು ನೋಡಲು ಸ್ಪೇನ್‌ನಲ್ಲಿ 7,447 ಜನರ ಮೇಲೆ ಪ್ರೆಡಿಮೆಡ್ ಎಂಬ ದೊಡ್ಡ ಪ್ರಯೋಗ ನಡೆಯಿತು. ಒಂದು ಗುಂಪಿಗೆ ಅಲ್ಲಿನ ಮೆಡಿಟರೇನಿಯನ್ ಊಟದ ಜೊತೆ ದಿನಕ್ಕೆ 30 ಗ್ರಾಂ ನಟ್ಸ್, ಅದರಲ್ಲಿ ಅರ್ಧ ಅಕ್ರೋಟ್. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಇವುಗಳಿಂದ ಸಾವು, ಎಲ್ಲ ಸೇರಿಸಿ ನೋಡಿದಾಗ ಸುಮಾರು 30 ಪರ್ಸೆಂಟ್ ಕಡಿಮೆ ಬಂತು. ಜಾಸ್ತಿ ಲಾಭ ಕಂಡದ್ದು ಸ್ಟ್ರೋಕ್‌ನಲ್ಲಿ. 2013ರಲ್ಲಿ ಪ್ರಕಟವಾದ ಆ ಲೇಖನವನ್ನು 2018ರಲ್ಲಿ ಸಂಶೋಧಕರೇ ಹಿಂದಕ್ಕೆ ತೆಗೆದುಕೊಂಡರು. ಜನರನ್ನು ಗುಂಪುಗಳಿಗೆ ಚೀಟಿ ಎತ್ತಿದ ಹಾಗೆ ಹಂಚಬೇಕಿತ್ತು, ಕೆಲವು ಕಡೆ ಹಾಗೆ ಆಗಿರಲಿಲ್ಲ. ಲೆಕ್ಕವನ್ನೆಲ್ಲ ಮತ್ತೆ ಮಾಡಿ ಪ್ರಕಟಿಸಿದಾಗಲೂ ಉತ್ತರ ಹೆಚ್ಚುಕಮ್ಮಿ ಅದೇ ಬಂತು. ತಪ್ಪನ್ನು ಒಪ್ಪಿಕೊಂಡು ತಿದ್ದಿದ್ದಕ್ಕೆ ನನಗೆ ಆ ಸಂಶೋಧನೆಯ ಮೇಲೆ ನಂಬಿಕೆ ಜಾಸ್ತಿಯೇ ಆಯಿತು. ಇಂಥ ಹಲವು ಪ್ರಯೋಗಗಳಿಗೆ ನಟ್ಸ್ ಬೆಳೆಗಾರರ ಸಂಘಗಳ ಹಣ ಇರುತ್ತದೆ, 1993ರ ಅಕ್ರೋಟ್ ಪ್ರಯೋಗಕ್ಕೂ ಇತ್ತು. ಅದನ್ನು ತಿಳಿದುಕೊಂಡೇ ಓದಬೇಕು. ಆದರೆ ಬೇರೆ ಬೇರೆ ದೇಶದಲ್ಲಿ, ಬೇರೆ ಬೇರೆ ತಂಡಗಳಿಗೆ ಒಂದೇ ದಿಕ್ಕಿನ ಉತ್ತರ ಬಂದಾಗ ನಾನು ಒಪ್ಪುತ್ತೇನೆ.

ನಮ್ಮ ಜಿಲ್ಲೆಯವರಿಗೆ ಹೇಳಲೇಬೇಕಾದ ಇನ್ನೊಂದು ವಿಷಯ ಕಾಫಿಯದ್ದು. ಕಾಫಿಯ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ಅಂಶ ಇದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಪುಡಿಯನ್ನು ನೀರಲ್ಲಿ ಕುದಿಸಿ ಮಾಡುವ ಕಾಫಿಯಲ್ಲಿ ಅದು ಜಾಸ್ತಿ. ಪೇಪರ್ ಫಿಲ್ಟರ್‌ನಲ್ಲಿ ಸೋಸಿದರೆ ಬಹುಪಾಲು ಪೇಪರಿನಲ್ಲೇ ಉಳಿಯುತ್ತದೆ. ಅರೇಬಿಕಾಗಿಂತ ರೊಬಸ್ಟಾದಲ್ಲಿ ಕಡಿಮೆ. ನಮ್ಮ ಅವ್ವ ಬೆಲ್ಲದ ಕಾಫಿ ಕುದಿಸಿಯೇ ಮಾಡುತ್ತಿದ್ದರು, ದಿನಕ್ಕೆ ಆರು ಲೋಟ. ಈಗ ಎರಡು ಲೋಟ, ಪೇಪರಿನಲ್ಲಿ ಸೋಸಿದ್ದು. ಮೊದಲ ವಾರ ರುಚಿಯೇ ಇಲ್ಲ ಎಂದರು, ಈಗ ಅಭ್ಯಾಸವಾಗಿದೆ. ತೋಟದವರ ಮನೆ ಅಂದಮೇಲೆ ನಿಮ್ಮ ಅಪ್ಪನದ್ದು ಎಷ್ಟು ಲೋಟ, ಹೇಗೆ ಮಾಡಿದ್ದು ಎಂದು ಕೇಳಿ ನೋಡಿ.

ಅವ್ವ ದಿನಾ ತಿನ್ನುವುದು ಹತ್ತು ಬಾದಾಮಿ, ನಾಲ್ಕು ಅರ್ಧ ಅಕ್ರೋಟ್, ಸ್ವಲ್ಪ ಹುರಿದ ಕಡಲೆಬೀಜ. ಒಟ್ಟು 30 ಗ್ರಾಂ. ಒಂದು ಸಲ ತೂಕ ಮಾಡಿ ಚಿಕ್ಕ ಬಟ್ಟಲು ಗುರುತು ಮಾಡಿಟ್ಟಿದ್ದೇವೆ. ಸಂಜೆ ನಾಲ್ಕಕ್ಕೆ, ಬಿಸ್ಕತ್ತು ಮತ್ತು ಚಿಪ್ಸ್ ತಿನ್ನುತ್ತಿದ್ದ ಹೊತ್ತಿಗೆ. ಉಪ್ಪಿಲ್ಲದ್ದು, ಎಣ್ಣೆಯಲ್ಲಿ ಕರಿಯದ್ದು. ಅಷ್ಟಕ್ಕೆ ಸುಮಾರು 180 ಕ್ಯಾಲೊರಿ, ಅದಕ್ಕೇ ಏನನ್ನಾದರೂ ಬಿಟ್ಟೇ ಇದನ್ನು ತಿನ್ನಬೇಕು. ಅವ್ವನ ಎಲ್‌ಡಿಎಲ್ ಈಗ 60ರ ಆಸುಪಾಸಿನಲ್ಲಿದೆ. ಅದರಲ್ಲಿ ದೊಡ್ಡ ಪಾಲು ಸ್ಟ್ಯಾಟಿನ್ ಮಾತ್ರೆಯದ್ದು. ಆ ಮಾತ್ರೆ 30ರಿಂದ 50 ಪರ್ಸೆಂಟ್ ಇಳಿಸುತ್ತದೆ. ನಟ್ಸ್‌ಗೆ ಆ ಶಕ್ತಿ ಇಲ್ಲ. ಮೂರು ತಿಂಗಳ ನಂತರ ಡಾಕ್ಟರ್ ಮಾತ್ರೆ ಬರೆದರೆ ದಯವಿಟ್ಟು ಬಾದಾಮಿ ಇದೆಯಲ್ಲ ಎಂದು ಬಿಡಬೇಡಿ. ಕಿಡ್ನಿ ತೊಂದರೆ ಇದ್ದರೆ ನಟ್ಸ್ ಎಷ್ಟು ತಿನ್ನಬಹುದು ಎಂದು ಮೊದಲು ಅವರನ್ನೇ ಕೇಳಿ. ನಟ್ಸ್ ಅಲರ್ಜಿ ಇದ್ದರಂತೂ ಮುಟ್ಟುವುದೇ ಬೇಡ.

ಮುಂದಿನ ಟೆಸ್ಟ್ ಅದೇ ಲ್ಯಾಬ್‌ನಲ್ಲಿ, ಮೊದಲಿನ ಹಾಗೇ ಹನ್ನೆರಡು ಗಂಟೆ ಖಾಲಿ ಹೊಟ್ಟೆಯಲ್ಲಿ ಮಾಡಿಸಿ. ಜ್ವರ ಬಂದು ಹೋದ ವಾರ ಬೇಡ, ಆಗ ಎಲ್‌ಡಿಎಲ್ ತಾನಾಗಿಯೇ ಕಡಿಮೆ ತೋರಿಸುತ್ತದೆ. ಆಗುವುದಾದರೆ ವಾರದ ಅಂತರದಲ್ಲಿ ಎರಡು ಸಲ ಮಾಡಿಸಿ ಸರಾಸರಿ ತೆಗೆಯಿರಿ.

ಮತ್ತೆ ಮಳೆಗಾಲ. ನಮ್ಮ ಕಡೆ ಜೂನ್‌ನಿಂದ ಗೋಡೆಯೇ ಬೂಸ್ಟು ಹಿಡಿಯುತ್ತದೆ, ಕಡಲೆಬೀಜ ಬಿಡುತ್ತದಾ? ಆ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಲಿವರ್‌ಗೆ ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ಮುದುಡಿದ್ದು, ಬಣ್ಣಗೆಟ್ಟದ್ದು, ಬಾಯಿಗೆ ಕಹಿ ಬಂದದ್ದು ಎಸೆದುಬಿಡಿ. ನಾವು ಶುಕ್ರವಾರ ಮಡಿಕೇರಿ ಸಂತೆಗೆ ಹೋದರೂ ಒಂದು ಸಲಕ್ಕೆ ಕಾಲು ಕಿಲೋಗಿಂತ ಜಾಸ್ತಿ ತರುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಡ್ಜ್‌ನಲ್ಲಿ ಇಡುತ್ತೇವೆ.