ಬೇರೆ ಗ್ರಹದಲ್ಲಿ ಜೀವ ಸಿಕ್ಕರೆ ದೇವರು ಸುಳ್ಳಾಗುತ್ತಾನಾ?

ಮಳೆ ಮುಗಿದು ಆಕಾಶ ತಿಳಿಯಾದರೆ ಸಾಕು, ಮಡಿಕೇರಿ ಸುತ್ತಮುತ್ತಲಿನ ಶಾಲೆಗಳಿಗೆ ದೂರದರ್ಶಕ ಹೊತ್ತುಕೊಂಡು ಹೋಗುತ್ತೇನೆ. ಎಲ್ಲಿ ಹೋದರೂ ಒಂದು ಪ್ರಶ್ನೆ ತಪ್ಪುವುದಿಲ್ಲ. ಈ ಸಲದ ಪತ್ರಗಳಲ್ಲೂ ಅದೇ ಜಾಸ್ತಿ. ಕೇಳಿ ಕೇಳಿ ಸಾಕಾಗಿದೆ, ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ಸರ್, ಬೇರೆ ಗ್ರಹದಲ್ಲಿ ಜೀವ ಇದೆ ಅಂತ ಗೊತ್ತಾದ ದಿನ ಎಲ್ಲ ಧರ್ಮಗಳೂ ಸುಳ್ಳಾಗುತ್ತವೆ ಅಂತ ನನ್ನ ಮಗ ವಾದ ಮಾಡುತ್ತಾನೆ. ನಿಜವೇ? (ಓದುಗರು, ವಿರಾಜಪೇಟೆ)

ಇಲ್ಲಮ್ಮ. ಧರ್ಮದವರು ಇದನ್ನೆಲ್ಲ ಯೋಚಿಸಿಯೇ ಇಲ್ಲ ಅಂತ ನಿಮ್ಮ ಮಗ ಅಂದುಕೊಂಡ ಹಾಗಿದೆ. 'ಅನಂತಕೋಟಿ ಬ್ರಹ್ಮಾಂಡ ನಾಯಕ' ಅಂತ ಕೈಮುಗಿಯುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಇನ್ನೊಂದು ಲೋಕ ಇದೆ ಅಂದರೆ ಏನು ಕಷ್ಟ? ಬೌದ್ಧರ ಹಳೆಯ ಪಾಲಿ ಸೂತ್ರಗಳಲ್ಲಿ ಸಾವಿರ ಸೂರ್ಯ, ಸಾವಿರ ಚಂದ್ರರ ಮಾತು ಬರುತ್ತದೆ. ಕುರಾನಿನ 42ನೇ ಅಧ್ಯಾಯದ 29ನೇ ವಚನ, ದೇವರು ಆಕಾಶ ಭೂಮಿ ಎರಡರಲ್ಲೂ ಜೀವಿಗಳನ್ನು ಹರಡಿದ್ದಾನೆ ಅನ್ನುತ್ತದೆ.

ನಿಜವಾದ ಜಗಳ ನಡೆದದ್ದು ಕ್ರೈಸ್ತರಲ್ಲಿ, ಅದೂ ನಾವು ಅಂದುಕೊಂಡ ಹಾಗೆ ಅಲ್ಲ. ಲೋಕ ಒಂದೇ ಇರಲು ಸಾಧ್ಯ ಅಂತ ಹೇಳಿದ್ದು ಅರಿಸ್ಟಾಟಲ್. 1277ರಲ್ಲಿ ಪ್ಯಾರಿಸ್ಸಿನ ಬಿಷಪ್, ದೇವರಿಗೆ ಹಲವು ಲೋಕ ಸೃಷ್ಟಿಸಲು ಆಗದು ಅಂತ ಪಾಠ ಮಾಡಬೇಡಿ ಎಂದು ತಡೆದರು. ಅಂದರೆ ಬಾಗಿಲು ತೆರೆದಿಟ್ಟಿದ್ದು ಚರ್ಚೇ. ತೊಡಕು ಬಂದದ್ದು ಆಮೇಲೆ. 16ನೇ ಶತಮಾನದಲ್ಲಿ ಪ್ರಾಟೆಸ್ಟಂಟ್ ಸುಧಾರಕ ಲೂಥರನ ಜೊತೆಗಾರ ಮೆಲಾಂಕ್ಟನ್, ಕ್ರಿಸ್ತ ಸತ್ತು ಎದ್ದದ್ದು ಒಂದೇ ಸಲ, ಲೋಕಗಳು ಹಲವಿದ್ದರೆ ಪ್ರತಿಯೊಂದರಲ್ಲೂ ಸಾಯಬೇಕಾಗುತ್ತದಲ್ಲ ಎಂದು ಆಕ್ಷೇಪ ಎತ್ತಿದ. ಇದು ಗಟ್ಟಿ ಪ್ರಶ್ನೆ, ಇವತ್ತಿಗೂ ಎಲ್ಲರೂ ಒಪ್ಪುವ ಉತ್ತರ ಇಲ್ಲ. ಆದರೂ 2008ರಲ್ಲಿ ವ್ಯಾಟಿಕನ್ ವೀಕ್ಷಣಾಲಯದ ಆಗಿನ ನಿರ್ದೇಶಕ ಫ್ಯೂನೆಸ್, ಅವರೂ ಪಾದ್ರಿಯೇ, ಅನ್ಯಗ್ರಹ ಜೀವಿಗಳನ್ನು ನಂಬುವುದಕ್ಕೂ ದೇವರನ್ನು ನಂಬುವುದಕ್ಕೂ ವಿರೋಧ ಇಲ್ಲ ಅಂತ ಹೇಳಿದರು. 'ಹಲವು ಲೋಕಗಳಿವೆ ಅಂದ ಇಟಲಿಯ ಬ್ರೂನೋನನ್ನು ಸುಟ್ಟರಲ್ಲ?' ಅಂತ ಮಗ ಕೇಳುತ್ತಾನೆ, ನನಗೆ ಗೊತ್ತು. 1600ರಲ್ಲಿ ರೋಮಿನಲ್ಲಿ ಸುಟ್ಟರು, ಅದು ಘೋರ. ಆದರೆ ಅವನ ಮೇಲಿದ್ದ ಆರೋಪಗಳಲ್ಲಿ ಹಲವು ಲೋಕಗಳದ್ದು ಒಂದು ಮಾತ್ರ. ಕ್ರಿಸ್ತನ ಬಗ್ಗೆ, ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಅನ್ನುವ ನಂಬಿಕೆಯ) ಬಗ್ಗೆ ಅವನು ಹೇಳಿದ ಮಾತುಗಳೂ ಅಲ್ಲಿದ್ದವು.

ಇನ್ನು ವಿಜ್ಞಾನದ ಕಡೆ. ಇವತ್ತಿನವರೆಗೆ ಭೂಮಿಯ ಹೊರಗೆ ಒಂದೇ ಒಂದು ಜೀವಿ ಸಿಕ್ಕಿಲ್ಲ. ಬೇರೆ ನಕ್ಷತ್ರಗಳ ಸುತ್ತ 6000ಕ್ಕಿಂತ ಹೆಚ್ಚು ಗ್ರಹಗಳು ಸಿಕ್ಕಿವೆ, ಜೀವ ಸಿಕ್ಕಿಲ್ಲ. 1996ರಲ್ಲಿ ಮಂಗಳದಿಂದ ಬಂದ ಉಲ್ಕಾಶಿಲೆಯಲ್ಲಿ ಸೂಕ್ಷ್ಮಜೀವಿಗಳ ಗುರುತು ಇದೆ ಅಂದರು, ಅಮೆರಿಕದ ಅಧ್ಯಕ್ಷರೇ ಅದರ ಬಗ್ಗೆ ಮಾತಾಡಿದರು. ಈಗ ಹೆಚ್ಚಿನ ವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. 2025ರ ಏಪ್ರಿಲ್‌ನಲ್ಲಿ 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದಲ್ಲಿ, ನಮ್ಮ ಸಮುದ್ರದ ಪಾಚಿಯಂಥ ಜೀವಿಗಳು ಬಿಡುವ ಅನಿಲದ ಸುಳಿವು ಸಿಕ್ಕಿದೆ ಅಂತ ಕೇಂಬ್ರಿಜ್‌ನ ತಂಡ ಹೇಳಿತು. ಅದೇ ಮಾಹಿತಿ ಹಿಡಿದು ಲೆಕ್ಕ ಹಾಕಿದ ಬೇರೆ ತಂಡಗಳು ಇಷ್ಟು ಸಾಕಾಗದು ಅಂದವು. ಇವೆರಡನ್ನೂ ನೋಡಿದ ಮೇಲೆ ಸುದ್ದಿ ಬಂದ ಮೊದಲ ವರ್ಷ ನಾನು ಯಾವುದನ್ನೂ ನಂಬುವುದಿಲ್ಲ. ಅಷ್ಟಕ್ಕೂ ಮೊದಲು ಸಿಗುವುದು ಸೂಕ್ಷ್ಮಜೀವಿಯೇ ಇರಬಹುದು. ನಿಮ್ಮ ತೋಟದ ಕಾಫಿ ಎಲೆ ಮೇಲೆ ಅಂಥವು ಲೆಕ್ಕವಿಲ್ಲದಷ್ಟು ಇವೆ, ಅವುಗಳಿಂದ ಯಾರ ದೇವರಿಗೂ ತೊಂದರೆ ಆಗಿಲ್ಲ.

ನನಗೆ ಸಿಟ್ಟು ಬರುವುದು ಎರಡು ಕಡೆಯವರ ಮೇಲೂ. ಇನ್ನೂ ಸಿಗದ ಜೀವಿಯನ್ನು ಹಿಡಿದು ದೇವರಿಲ್ಲ ಅನ್ನುವವರು ಒಂದು ಕಡೆ, 'ಇದೆಲ್ಲ ನಮ್ಮ ಗ್ರಂಥದಲ್ಲಿ ಮೊದಲೇ ಇದೆ' ಅನ್ನುವವರು ಇನ್ನೊಂದು ಕಡೆ. ಹಲವು ಲೋಕ ಇರಬಹುದು ಅಂತ ಯೋಚಿಸಿದ್ದು ದೊಡ್ಡದೇ, ಆದರೆ ಯೋಚಿಸುವುದು ಬೇರೆ, ಕಂಡುಹಿಡಿಯುವುದು ಬೇರೆ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ರೋಹಿಣಿ ನಕ್ಷತ್ರ ನೋಡಿ ಕದಿರು ತೆಗೆಯುತ್ತೇವಲ್ವಾ? ಆ ರೋಹಿಣಿ ಸುಮಾರು 65 ಜ್ಯೋತಿರ್ವರ್ಷ ದೂರ ಇದೆ ಅಂತ ಗೊತ್ತಾದದ್ದು ಅಳತೆಯಿಂದ. ಅಳತೆ ಗೊತ್ತಿದ್ದೂ ನಾನು ಪ್ರತಿ ವರ್ಷ ಐನ್‌ಮನೆಯವರ (ನಮ್ಮ ಕುಲದ ಮೂಲಮನೆಯವರ) ಜೊತೆ ಗದ್ದೆಗೆ ಇಳಿದು 'ಪೊಲಿ ಪೊಲಿ ದೇವಾ' ಅನ್ನುತ್ತೇನೆ. ನನಗೆ ಒಂದು ದಿನವೂ ಕಷ್ಟ ಅನ್ನಿಸಿಲ್ಲ. ಮಗನನ್ನು ಈ ಸಲ ಪುತ್ತರಿ ರಾತ್ರಿ ಕಳಿಸಿ, ರೋಹಿಣಿ ತೋರಿಸುತ್ತೇನೆ, ವಾದ ಆಮೇಲೆ ಮಾಡಲಿ.

ಪ್ರಶ್ನೆ: ಸಂಜೆ ಆಕಾಶದಲ್ಲಿ ದೀಪಗಳ ಸಾಲು ರೈಲಿನ ಹಾಗೆ ಹೋಯಿತು. ಹಾರುವ ತಟ್ಟೆಯೇ?

ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಉಪಗ್ರಹಗಳು. ದಯವಿಟ್ಟು ವಿಡಿಯೊ ಕಳಿಸಬೇಡಿ.

ಪ್ರಶ್ನೆ: ಶನಿಗ್ರಹದಲ್ಲಿ ಜೀವ ಇದ್ದರೆ ಸಾಡೇಸಾತಿ ಮೇಲೆ ಪರಿಣಾಮ ಆಗುತ್ತದೆಯೇ?

ಇಲ್ಲ. ಜೀವ ಇರಬಹುದು ಅನ್ನುವುದು ಶನಿಯ ಚಂದ್ರ ಎನ್ಸೆಲಾಡಸ್‌ನ ಹಿಮದ ಕೆಳಗಿನ ನೀರಿನಲ್ಲಿ.

ಪ್ರಶ್ನೆ: ವೈಮಾನಿಕ ಶಾಸ್ತ್ರದ ವಿಮಾನಗಳು ಅನ್ಯಗ್ರಹದವರು ಕೊಟ್ಟದ್ದೇ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1974ರಲ್ಲೇ ಪರೀಕ್ಷಿಸಿದ್ದಾರೆ. ಪ್ರಾಚೀನ ಅಂತ ಹೇಳುವ ಆ ಪುಸ್ತಕ 20ನೇ ಶತಮಾನದ್ದು, ಅದರಲ್ಲಿರುವ ವಿಮಾನಗಳು ಹಾರುವುದಿಲ್ಲ.

ಪ್ರಶ್ನೆ: ನಮ್ಮೂರಿಗೆ ಬರುವ ಒಬ್ಬರು ಬೇರೆ ಗ್ರಹದ ಶಕ್ತಿ ಇಳಿಸಿ ಸಕ್ಕರೆ ಕಾಯಿಲೆ ಗುಣಪಡಿಸುತ್ತಾರಂತೆ. ಅಪ್ಪ ಮಾತ್ರೆ ಬಿಟ್ಟಿದ್ದಾರೆ. ಏನು ಮಾಡಲಿ?

1997ರ ವಸಂತದಲ್ಲಿ ಹೇಲ್-ಬಾಪ್ ಧೂಮಕೇತುವನ್ನು ನಾನು ಇಲ್ಲಿನ ಮಕ್ಕಳಿಗೆ ತೋರಿಸುತ್ತಿದ್ದೆ. ಅದರ ಹಿಂದೆ ತಮ್ಮನ್ನು ಕರೆದೊಯ್ಯುವ ನೌಕೆ ಇದೆ ಅಂತ ನಂಬಿ ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ 39 ಜನ ಪ್ರಾಣ ಕಳೆದುಕೊಂಡರು. ಅಂದಿನಿಂದ ಇಂಥವರ ವಿಷಯದಲ್ಲಿ ನನಗೆ ತಾಳ್ಮೆ ಇಲ್ಲ. ಆ ಮನುಷ್ಯನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಪ್ಪನ ಜೊತೆ ಜಗಳ ಆಡುತ್ತಾ ಕೂರಬೇಡಿ, ನಾಳೆ ಬೆಳಿಗ್ಗೆಯೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.